ತಪ್ಪು ಕಂಪೆನಿಯದು, ಬಿಲ್ ಗಿರಾಕಿಯದು

ಮಾಂಗಲ್ಯಧಾರಣೆಯ ಮುಹೂರ್ತ ಇರುವುದೇ ಎರಡು ನಿಮಿಷ. ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಹಾರುತ್ತದೆ, ಫೋಟೋಗ್ರಾಫರ್ ಗುಂಡಿ ಒತ್ತುತ್ತಾನೆ. ಚಿತ್ರ ಮೂಡುವ ಬದಲು ಕ್ಯಾಮೆರಾದ ಪರದೆಯ ಮೇಲೆ ‘ಎರರ್’ ಎಂದು ಬರುತ್ತದೆ. ಲೆನ್ಸ್ ಕಳಚಿ ಮತ್ತೆ ಸಿಕ್ಕಿಸಿದರೆ ನಾಲ್ಕು ಚಿತ್ರ ಸರಿಯಾಗಿ ಬರುತ್ತವೆ, ಐದನೆಯದಕ್ಕೆ ಮತ್ತೆ ಅದೇ ರಾಗ. ಜೊತೆಗಿದ್ದ ಹಳೇ ಕ್ಯಾಮೆರಾದಿಂದ ಹೇಗೋ ಮರ್ಯಾದೆ ಉಳಿಯಿತೆನ್ನಿ. ಮಾರನೇ ವಾರ ಆತ ಬಸ್ಸು ಹತ್ತಿ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಬರುತ್ತಾನೆ. ಕೌಂಟರಿನ ಹುಡುಗ ಲೆನ್ಸನ್ನು ಕೈಗೆತ್ತಿಕೊಂಡವನೇ, ಬಿಚ್ಚಿ ನೋಡುವ ಮೊದಲೇ ಹೇಳುತ್ತಾನೆ: ‘ಇದಾ ಸಾರ್, ಈ ಮಾಡೆಲ್‌ಗೆ ಇದು ಮಾಮೂಲಿ ಕಂಪ್ಲೇಂಟು. ಪಾರ್ಟು ಹಾಕಬೇಕು. ವಾರಂಟಿ ಮುಗಿದಿದೆಯಲ್ಲ, ಚಾರ್ಜ್ ಆಗುತ್ತೆ.’

ಸ್ಟುಡಿಯೋ ಇಟ್ಟುಕೊಂಡವರಿಗೆ ಈ ಸಂಭಾಷಣೆ ಹೊಸದಲ್ಲ. ಇದರಲ್ಲಿ ಕಿವಿಗೊಟ್ಟು ಕೇಳಬೇಕಾದ ಶಬ್ದ ‘ಮಾಮೂಲಿ’. ಒಂದು ಮಾಡೆಲ್ಲಿನ ಲೆನ್ಸುಗಳೆಲ್ಲ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಕೆಡುತ್ತಿವೆ ಎಂದು ರಿಪೇರಿ ಮಾಡುವವನಿಗೆ ಗೊತ್ತು. ಅವನಿಗೆ ಬಿಡಿಭಾಗ ಕಳಿಸಿಕೊಡುವ ಕಂಪೆನಿಗೆ ಗೊತ್ತಿಲ್ಲದೆ ಇದ್ದೀತೆ? ಗೊತ್ತಿದ್ದೂ ಆ ರಿಪೇರಿಗೆ ಗಿರಾಕಿಯಿಂದ ಹಣ ಪಡೆಯುವುದು ನ್ಯಾಯವೆ?

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಅಷ್ಟು ಸರಳವಲ್ಲ. ಯಾಕೆಂದರೆ ಲೆನ್ಸ್ ಕೆಡುವುದಕ್ಕೆ ಕಾರಣಗಳು ಹಲವು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಡದಿದ್ದರೆ ಅದು ನಮ್ಮ ಉಪೇಕ್ಷೆ, ತಯಾರಕರನ್ನು ದೂರಿ ಫಲವಿಲ್ಲ. ಕೆಳಗೆ ಬಿದ್ದು ಗಾಜು ಸರಿದರೂ ಅಷ್ಟೆ. ಹತ್ತು ವರ್ಷ ದಿನಾ ದುಡಿದ ಲೆನ್ಸಿನ ಮೋಟಾರು ಸವೆದು ಕೀರಲು ದನಿ ಹೊರಡಿಸಿದರೆ ಅದನ್ನು ವಯಸ್ಸು ಎನ್ನಬೇಕು. ಇನ್ನು ಕೆಲವು ದೋಷಗಳು ನೋಡಲಷ್ಟೇ ಭಯಂಕರ. ಜರ್ಮನಿಯ ಷ್ನೈಡರ್ ಕಂಪೆನಿಯ ಹಳೆಯ ಲೆನ್ಸುಗಳ ಒಳಗೆ, ಗಾಜಿನ ಅಂಚಿಗೆ ಬಳಿದ ಕಪ್ಪು ಬಣ್ಣ ಸಡಿಲಾಗಿ ಬಿಳಿ ಚುಕ್ಕೆಗಳಾಗುತ್ತವೆ. ಛಾಯಾಗ್ರಾಹಕರು ಕಂಪೆನಿಯ ಹೆಸರನ್ನೇ ಸೇರಿಸಿ ‘ಷ್ನೈಡರೈಟಿಸ್’ ಎಂದು ಅದಕ್ಕೊಂದು ಕಾಯಿಲೆಯ ಹೆಸರಿಟ್ಟಿದ್ದಾರೆ. ಆದರೆ ಚಿತ್ರಕ್ಕೆ ಅದರಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ.

ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವುದು ಹುಟ್ಟಿನಿಂದಲೇ ಬಂದ ದೋಷ. ಝೂಮ್ ಲೆನ್ಸಿನ ಒಳಗೆ ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಅಲಗುಗಳಿವೆ. ಅವಕ್ಕೆ ವಿದ್ಯುತ್ ಸಂದೇಶ ಒಯ್ಯುವುದು ರಿಬ್ಬನ್ನಿನಂಥ ತೆಳ್ಳನೆಯ ಕೇಬಲ್. ಝೂಮ್ ತಿರುಗಿಸಿದಾಗಲೆಲ್ಲ ಅದು ಮಡಚಿ ಬಿಚ್ಚಿಕೊಳ್ಳುತ್ತದೆ. ಮಡಿಕೆ ಬೀಳುವ ಜಾಗದ ಲೆಕ್ಕಾಚಾರದಲ್ಲಿ ತಪ್ಪಿದರೆ ಒಂದು ದಿನ ತಂತಿ ಬಿರುಕು ಬಿಡುತ್ತದೆ. ಅಲಗು ಅಲ್ಲಾಡುವುದಿಲ್ಲ, ‘ಎರರ್’ ಬರುತ್ತದೆ. ಇಂಥ ಲೆನ್ಸ್ ಅಂಗಡಿಯಿಂದ ಹೊರಬಿದ್ದ ದಿನವೇ ರೋಗಿ. ರೋಗ ಕಾಣಿಸಿಕೊಂಡದ್ದು ಮಾತ್ರ ವಾರಂಟಿ ಮುಗಿದ ಮೇಲೆ.

ತಾವಾಗಿಯೇ ಒಪ್ಪಿಕೊಂಡವರು

ಕಂಪೆನಿಗಳೆಲ್ಲ ಒಂದೇ ಥರ ಎಂದು ಬೈದುಬಿಡುವುದು ಸುಲಭ. ಆದರೆ ಇತಿಹಾಸ ಹಾಗೆ ಹೇಳುವುದಿಲ್ಲ. 2005ರಲ್ಲಿ ಕ್ಯಾನನ್ ಕಂಪೆನಿ 24-105 ಮಿಲಿಮೀಟರಿನ ಹೊಸ ಝೂಮ್ ಲೆನ್ಸೊಂದನ್ನು ಬಿಡುಗಡೆ ಮಾಡಿತು. ಚೌಕಟ್ಟಿನ ಮೇಲ್ಭಾಗದಲ್ಲಿ ಪ್ರಖರ ದೀಪವಿದ್ದರೆ ಮೊದಲ ಕಂತಿನ ಲೆನ್ಸುಗಳಲ್ಲಿ ಚಿತ್ರದ ಮೇಲೆ ವಿಚಿತ್ರ ಬೆಳಕಿನ ಕಮಾನು ಮೂಡುತ್ತಿತ್ತು. ಕಂಪೆನಿ ಅದನ್ನು ಒಪ್ಪಿಕೊಂಡು ಆ ಕಂತಿನ ಲೆನ್ಸುಗಳನ್ನು ಪುಕ್ಕಟೆಯಾಗಿ ಸರಿಪಡಿಸಿಕೊಟ್ಟಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೂ ದೊಡ್ಡದೊಂದು ಪ್ರಕರಣ ಬಯಲಿಗೆ ಬಂತು. ಇದು ಲೆನ್ಸಿನದಲ್ಲ, ಅದರ ಹಿಂದೆ ಕುಳಿತು ಬೆಳಕನ್ನು ಹಿಡಿಯುವ ಸೆನ್ಸರಿನದು. ನಮ್ಮ ಹವೆಗೆ ಹತ್ತಿರದ ಕತೆಯಾದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಸೋನಿ ಕಂಪೆನಿ 2002ರ ಕೊನೆಯಿಂದ 2004ರ ಆರಂಭದವರೆಗೆ ತಯಾರಿಸಿದ ಕೆಲವು ಸಿಸಿಡಿ ಸೆನ್ಸರುಗಳಲ್ಲಿ, ಕೂದಲೆಳೆಯಂಥ ತಂತಿಗಳ ಬೆಸುಗೆ ಸೆಕೆ ಮತ್ತು ತೇವಕ್ಕೆ ಸಡಿಲವಾಗುತ್ತಿತ್ತು. ಚಿತ್ರ ಸೊಟ್ಟಗಾಗುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ಸೆಕೆ ಮತ್ತು ತೇವ! ಮಂಗಳೂರು, ಕಾರವಾರದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಚಳಿದೇಶದಲ್ಲಿ ವರ್ಷಗಟ್ಟಲೆ ನಡೆಯಬಹುದಾದ ಕ್ಯಾಮೆರಾ ಇಂಥ ಊರುಗಳಲ್ಲಿ ಬೇಗ ಕೈಕೊಡುತ್ತದೆ. ಸೋನಿಯ ಸೆನ್ಸರನ್ನು ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್, ಒಲಿಂಪಸ್ ಮುಂತಾದವರೂ ಕೊಂಡು ತಮ್ಮ ಕ್ಯಾಮೆರಾಗಳಲ್ಲಿ ಕೂರಿಸಿದ್ದರು. ಒಬ್ಬರ ಹಿಂದೆ ಒಬ್ಬರಂತೆ ಎಲ್ಲರೂ ಪ್ರಕಟಣೆ ಹೊರಡಿಸಿ, ವಾರಂಟಿ ಮುಗಿದಿದ್ದರೂ ಉಚಿತ ರಿಪೇರಿ ಎಂದು ಸಾರಿದರು. ದೋಷ ತಮ್ಮ ಕಾರ್ಖಾನೆಯದೇ ಅಲ್ಲದಿದ್ದರೂ ಅವರು ಗಿರಾಕಿಯ ಮುಂದೆ ಕೈಚಾಚಲಿಲ್ಲ.

ಒತ್ತಾಯಕ್ಕೆ ಒಪ್ಪಿಕೊಂಡವರು

ನಿಕಾನ್ ಕಂಪೆನಿಯ ಡಿ600 ಕ್ಯಾಮೆರಾದ ಕತೆ ಬೇರೆ. 2012ರ ಸೆಪ್ಟೆಂಬರಿನಲ್ಲಿ ಸುಮಾರು 2,100 ಡಾಲರಿಗೆ ಬಂದ ಈ ಕ್ಯಾಮೆರಾ ಆ ಕಾಲಕ್ಕೆ ಅಗ್ಗವೆಂದೇ ಹೆಸರಾಯಿತು. ಸ್ವಲ್ಪ ದಿನಗಳಲ್ಲೇ ಆಕಾಶದ ಚಿತ್ರ ತೆಗೆದವರಿಗೆ ಎಡಮೇಲ್ಮೂಲೆಯಲ್ಲಿ ಮಸುಕು ಚುಕ್ಕೆಗಳು ಕಾಣತೊಡಗಿದವು. ಸೆನ್ಸರಿನ ಮುಂದೆ ತೆರೆದು ಮುಚ್ಚುವ ಶಟರಿನಿಂದ ಎಣ್ಣೆಯ ಹನಿ, ಪುಡಿ ಸಿಡಿಯುತ್ತಿದೆ ಎಂಬುದು ಬಳಸಿದವರ ಅನುಮಾನ. 2013ರ ಫೆಬ್ರುವರಿಯಲ್ಲಿ ಕಂಪೆನಿ ಹೇಳಿದ್ದು ಇಷ್ಟೆ: ಗಾಳಿ ಊದಿ ಸ್ವಚ್ಛ ಮಾಡಿಕೊಳ್ಳಿ, ಹೋಗದಿದ್ದರೆ ಸರ್ವಿಸ್ ಸೆಂಟರಿಗೆ ತನ್ನಿ. ಸ್ವಚ್ಛ ಮಾಡಿ ತಂದರೆ ಚುಕ್ಕೆಗಳು ಮತ್ತೆ ಹಾಜರ್.

ಅದೇ ವರ್ಷದ ಅಕ್ಟೋಬರಿನಲ್ಲಿ ಡಿ610 ಬಂತು. ಮೇಲ್ನೋಟಕ್ಕೆ ಹಳೆಯದರ ಅವಳಿ, ಒಳಗೆ ಶಟರ್ ಮಾತ್ರ ಹೊಸದು. ಬಾಯಲ್ಲಿ ಹೇಳದ್ದನ್ನು ಕಂಪೆನಿ ಹೀಗೆ ಕೈಯಲ್ಲಿ ಮಾಡಿ ತೋರಿಸಿದ ಹಾಗಾಯಿತು. ಹಳೆಯದನ್ನು ಕೊಂಡವರ ಹೊಟ್ಟೆ ಉರಿಯದೆ ಇದ್ದೀತೆ? ಅಮೆರಿಕದಲ್ಲಿ ಬಳಕೆದಾರರು ಕೋರ್ಟಿಗೆ ಹೋದರು. 2014ರ ಫೆಬ್ರುವರಿ ಕೊನೆಗೆ, ವಾರಂಟಿ ಮುಗಿದಿದ್ದರೂ ಶಟರನ್ನು ಉಚಿತವಾಗಿ ಬದಲಿಸಿಕೊಡುತ್ತೇವೆ ಎಂದು ನಿಕಾನ್ ಪ್ರಕಟಿಸಿತು. ಮಾರ್ಚ್ 15, ವಿಶ್ವ ಗ್ರಾಹಕರ ದಿನ, ಚೀನಾದ ಸರಕಾರಿ ಟೀವಿ ಈ ಕ್ಯಾಮೆರಾದ ಹಗರಣವನ್ನು ದೇಶಕ್ಕೆಲ್ಲ ತೋರಿಸಿತು. ಬೆನ್ನಲ್ಲೇ ಶಾಂಘೈ ಅಧಿಕಾರಿಗಳು ಅದರ ಮಾರಾಟವನ್ನೇ ನಿಲ್ಲಿಸಲು ಆಜ್ಞೆ ಮಾಡಿದರು. ಮೊದಲೇ ಒಪ್ಪಿಕೊಂಡಿದ್ದರೆ ಒಂದು ಶಟರಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಒಂದೂವರೆ ವರ್ಷ ತಡಮಾಡಿದ್ದಕ್ಕೆ ಹೆಸರೂ ಹೋಯಿತು.

ಮಾತು ಕೊಟ್ಟು ಹಿಂತೆಗೆದವರು

ಕ್ಯಾಮೆರಾ ಲೋಕದಲ್ಲಿ ಲೈಕಾ ಎಂದರೆ ದೊಡ್ಡ ಮನೆತನ. 2009ರ ಸೆಪ್ಟೆಂಬರಿನಲ್ಲಿ ಅದು ತಂದ ಎಂ9 ಕ್ಯಾಮೆರಾದ ಬೆಲೆ ಲೆನ್ಸ್ ಬಿಟ್ಟೇ ಸುಮಾರು 7,000 ಡಾಲರ್. ಕೆಲ ವರ್ಷಗಳಲ್ಲಿ ಅದರ ಸೆನ್ಸರಿನ ಮೇಲೆ ಹೊದಿಸಿದ ಗಾಜಿಗೆ ತೇವ ತಾಗಿ ತುಕ್ಕಿನಂಥ ಕಲೆಗಳು ಹಿಡಿಯತೊಡಗಿದವು. ಒರೆಸಿದರೆ ಹೋಗುವಂಥದಲ್ಲ, ಗಾಜೇ ತಿಂದುಹೋಗುತ್ತಿತ್ತು. 2014ರ ಕೊನೆಯಲ್ಲಿ ಕಂಪೆನಿ ದೊಡ್ಡ ಮನಸ್ಸು ಮಾಡಿ, ಕ್ಯಾಮೆರಾಕ್ಕೆ ಎಷ್ಟೇ ವಯಸ್ಸಾಗಿರಲಿ ಸೆನ್ಸರನ್ನು ಬಿಟ್ಟಿಯಾಗಿ ಬದಲಿಸಿಕೊಡುವುದಾಗಿ ಹೇಳಿತು. ಎಲ್ಲರೂ ಶಭಾಸ್ ಎಂದರು.

ಆದರೆ 2017ರಲ್ಲಿ ಮಾತು ಬದಲಾಯಿತು. ಕೊಂಡು ಐದು ವರ್ಷದೊಳಗಿದ್ದರೆ ಮಾತ್ರ ಉಚಿತ. ಆ ಮೇಲೆ ಗಿರಾಕಿ ಸುಮಾರು ಸಾವಿರ ಯೂರೋ ತೆರಬೇಕು. ಅಷ್ಟರಲ್ಲಿ ಹೆಚ್ಚಿನ ಎಂ9ಗಳು ಐದು ವರ್ಷ ದಾಟಿದ್ದವು. ಇಲ್ಲಿ ಅತಿ ಹೆಚ್ಚು ನೊಂದವರು ಯಾರೆಂದರೆ, ಕಂಪೆನಿಯ ಮಾತು ನಂಬಿ, ‘ಕಲೆ ಬಂದಾಗ ನೋಡೋಣ’ ಎಂದು ನೆಮ್ಮದಿಯಾಗಿ ಕುಳಿತವರು.

ಲೈಕಾದ ಪರವಾಗಿಯೂ ಒಂದು ಮಾತಿದೆ. ಆ ಸೆನ್ಸರ್ ಅದರ ಸ್ವಂತ ತಯಾರಿಕೆಯಲ್ಲ, ಕೊಡಕ್ ಮಾಡಿಕೊಟ್ಟದ್ದು. ನಿಂತುಹೋದ ಮಾಡೆಲ್ಲಿಗೆ ಬಿಡಿಭಾಗ ಮಾಡಿಸಿ ದಾಸ್ತಾನಿಡುವುದು ಸಣ್ಣ ಖರ್ಚಲ್ಲ. ಎಷ್ಟು ವರ್ಷ ಹೀಗೆ ಮಾಡುತ್ತಾ ಕೂರುವುದು ಎಂದು ಲೆಕ್ಕಪತ್ರದವರು ಕೇಳಿದರೆ ತಪ್ಪೆನ್ನಲಾಗದು. ಕಂಪೆನಿಗಳವರು ಇನ್ನೊಂದು ವಾದವನ್ನೂ ಹೂಡುತ್ತಾರೆ. ಒಪ್ಪಿಕೊಂಡವನಿಗೇ ದಂಡ ಬೀಳುವುದಾದರೆ ಯಾರು ಒಪ್ಪಿಕೊಳ್ಳುತ್ತಾರೆ? ಬಾಯಿ ಮುಚ್ಚಿಕೊಂಡವನೇ ಜಾಣನಾಗುತ್ತಾನೆ ಎಂದು.

ಈ ವಾದದಲ್ಲಿ ಹುರುಳಿದೆ, ಆದರೆ ಅದು ಬಿಲ್ ಹಾಕುವುದಕ್ಕೆ ಸಮರ್ಥನೆ ಆಗಲಾರದು. ವಾರಂಟಿ ಎನ್ನುವುದು ಮೂಲತಃ ಯಾರಿಗೂ ಮುಂಚಿತವಾಗಿ ಗೊತ್ತಿಲ್ಲದ ಕೆಡುಕಿಗೆ ಹಾಕಿಕೊಂಡ ಗಡುವು. ಒಂದೋ ಎರಡೋ ವರ್ಷ ನಮ್ಮ ಜವಾಬ್ದಾರಿ, ಆಮೇಲೆ ನಿಮ್ಮದು ಎಂಬ ಒಪ್ಪಂದ. ಮಾರುವಾಗಲೇ ಒಳಗಿದ್ದ ದೋಷಕ್ಕೆ ಅದೇ ಗಡುವನ್ನು ಅನ್ವಯಿಸಿದರೆ, ಗಿರಾಕಿ ಪೂರ್ತಿ ಹಣ ಕೊಟ್ಟು ಅರ್ಧ ಮುಗಿದ ಸರಕು ಕೊಂಡ ಹಾಗೆ. ರಿಪೇರಿಯ ಹೆಸರಿನಲ್ಲಿ ಉಳಿದರ್ಧಕ್ಕೂ ಮತ್ತೆ ಅವನೇ ತೆರಬೇಕು. ಗಡುವು ಬೇಡವೇ ಬೇಡ ಎನ್ನುವಂತಿಲ್ಲ. ಅದು ವಸ್ತು ಬಾಳಬೇಕಾದಷ್ಟು ಕಾಲ ಇರಬೇಕು. ನಮ್ಮದೇ ದೇಶದಲ್ಲಿ ಇದಕ್ಕೊಂದು ಅಳತೆಗೋಲು ಸಿಗುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ದೋಷವಿರುವ ವಾಹನಗಳನ್ನು ವಾಪಸು ಕರೆಸುವಂತೆ ಸರಕಾರ ಕಂಪೆನಿಗೆ ಆಜ್ಞಾಪಿಸಬಹುದು. 2021ರಲ್ಲಿ ಜಾರಿಗೆ ಬಂದ ನಿಯಮಗಳು ಇದಕ್ಕೆ ತಯಾರಾದಂದಿನಿಂದ ಏಳು ವರ್ಷದ ಮಿತಿ ಹಾಕಿವೆ. ಕಾರಿನ ದೋಷಕ್ಕೆ ಜೀವ ಹೋಗುತ್ತದೆ, ಲೆನ್ಸಿನ ದೋಷಕ್ಕೆ ಫೋಟೋ ಮಾತ್ರ ಹೋಗುತ್ತದೆ ನಿಜ. ಆದರೂ ಲಕ್ಷ ರೂಪಾಯಿಯ ಲೆನ್ಸಿಗೆ ಏಳು ವರ್ಷ ಹೆಚ್ಚಾಯಿತು ಎಂದು ಯಾರು ಹೇಳಿಯಾರು?

ಕಾನೂನು ಏನನ್ನುತ್ತದೆ?

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಹೊಸ ಅಧ್ಯಾಯವೇ ಇದೆ. ವಿನ್ಯಾಸದ ದೋಷಕ್ಕೂ ತಯಾರಕನೇ ಹೊಣೆ ಎನ್ನುತ್ತದೆ ಅದು. ಓದಿ ಹಿಗ್ಗುವ ಮೊದಲು ವ್ಯಾಖ್ಯೆಗಳ ಪುಟ ತಿರುವಿ ನೋಡಬೇಕು. ವಸ್ತುವಿನಿಂದ ಬೇರೆ ಯಾರಿಗೋ ಯಾವುದಕ್ಕೋ ಆದ ಹಾನಿಗೆ ಅಲ್ಲಿ ಜಾಗವುಂಟು. ವಸ್ತು ತಾನೇ ಕೆಟ್ಟರೆ ಆದ ನಷ್ಟ ‘ಹಾನಿ’ಯ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಮೆರಾ ಸಿಡಿದು ಕೈ ಸುಟ್ಟರೆ ಈ ಅಧ್ಯಾಯ, ಲೆನ್ಸ್ ಸುಮ್ಮನೆ ಸತ್ತರೆ ಹಳೆಯ ದಾರಿ. ಆ ಹಳೆಯ ದಾರಿ ಎಂದರೆ ‘ದೋಷಪೂರಿತ ಸರಕು’ ಎಂದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡುವುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ ಎಂದು 2020ರ ನಿಯಮಗಳಲ್ಲಿದೆ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

ಸ್ಟುಡಿಯೋದವರಿಗೆ ಇಲ್ಲಿ ಒಂದು ಅಳುಕು. ವ್ಯಾಪಾರಕ್ಕೆಂದು ಕೊಂಡವನು ಕಾಯ್ದೆಯ ಕಣ್ಣಿಗೆ ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆಂದೇ ಕೊಂಡು ತಾನೇ ಬಳಸುವವನಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ಒಬ್ಬನೇ ಮದುವೆ ಮುಂಜಿಗಳಿಗೆ ಓಡಾಡುವ ಫೋಟೋಗ್ರಾಫರ್ ಧೈರ್ಯವಾಗಿ ಅರ್ಜಿ ಹಾಕಬಹುದು.

ಕಷ್ಟ ಬರುವುದು ರುಜುವಾತಿನಲ್ಲಿ. ದೋಷ ಕಾರ್ಖಾನೆಯದೇ ಎಂದು ತೋರಿಸಲು ಪರಿಣತರ ವರದಿ ಬೇಕು. ಕಣ್ಣಿಗೆ ಕಾಣದ ದೋಷವಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆದರೆ ಒಂದು ಲೆನ್ಸಿಗಾಗಿ ಅಷ್ಟು ದೂರ ಹೋಗುವ ತಾಳ್ಮೆ ಎಷ್ಟು ಜನಕ್ಕೆ? ಕಂಪೆನಿ ತಾನೇ ಹೊರಡಿಸಿದ ಪ್ರಕಟಣೆ ಕೈಯಲ್ಲಿದ್ದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. ದುರದೃಷ್ಟವೆಂದರೆ ಇಂಥ ಪ್ರಕಟಣೆಗಳು ಕಂಪೆನಿಯ ಇಂಟರ್‌ನೆಟ್ ತಾಣದ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಮಲಗಿರುತ್ತವೆ. ಸಿರಸಿಯ ಸ್ಟುಡಿಯೋದವನಿಗೆ ಅದು ತಲಪುವುದಾದರೂ ಹೇಗೆ? ಮಾರುವಾಗ ಬರೆದುಕೊಂಡ ಫೋನ್ ನಂಬರಿಗೆ ಹಬ್ಬದ ರಿಯಾಯಿತಿಯ ಸುದ್ದಿ ತಪ್ಪದೆ ಬರುತ್ತದೆ. ಅದೇ ನಂಬರಿಗೆ ‘ನಿಮ್ಮ ಲೆನ್ಸಿನಲ್ಲಿ ದೋಷವಿದೆ, ತನ್ನಿ’ ಎಂದು ಒಂದು ಸಾಲು ಕಳಿಸಲು ಏನು ಅಡ್ಡಿ?

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಇಷ್ಟು. ಲೆನ್ಸಿನ ಮೇಲಿನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಉಚಿತ ರಿಪೇರಿ ಯಾವ ಕಂತಿಗೆ ಎಂದು ಗೊತ್ತಾಗುವುದು ಅದರಿಂದಲೇ. ಗಲ್ಫಿನಿಂದ ಅಣ್ಣನೋ ಭಾವನೋ ತಂದುಕೊಟ್ಟದ್ದಾದರೆ ಅಲ್ಲಿಯ ಬಿಲ್ಲನ್ನೂ ತರಿಸಿಟ್ಟುಕೊಳ್ಳಿ. ಸರ್ವಿಸ್ ಸೆಂಟರಿನಲ್ಲಿ ಹಣ ಕಟ್ಟುವ ಮೊದಲು ಈ ಮಾಡೆಲ್ಲಿಗೆ ಉಚಿತ ರಿಪೇರಿಯ ಪ್ರಕಟಣೆ ಇದೆಯೇ ಎಂದು ಕೇಳಿ. ಕೌಂಟರಿನ ಹುಡುಗ ‘ಇದು ಮಾಮೂಲಿ ಕಂಪ್ಲೇಂಟು’ ಎಂದರೆ ಸಿಟ್ಟಾಗಬೇಡಿ. ನಗುನಗುತ್ತಲೇ ಆ ಮಾತನ್ನು ಜಾಬ್ ಶೀಟಿನ ಮೇಲೆ ಬರೆದು ಸಹಿ ಹಾಕಿಕೊಡಲು ಹೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.