ಶಾಸನದ ಮಯೂರ, ಸಿನಿಮಾದ ಮಯೂರ: ಮಕ್ಕಳಿಗೆ ಕಥೆಯ ಬಗೆ ತಿಳಿಸುವುದು ಹೇಗೆ?

ಶಿಕಾರಿಪುರ/ಸೊರಬ: ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಹುಟ್ಟಿನಿಂದ ರಾಜಕುಮಾರನೋ, ವೇದಾಧ್ಯಯನಕ್ಕೆಂದು ಊರು ಬಿಟ್ಟ ಬ್ರಾಹ್ಮಣ ತರುಣನೋ? 1975ರಲ್ಲಿ ತೆರೆಕಂಡ, ಡಾ. ರಾಜ್‌ಕುಮಾರ್ ಅಭಿನಯದ ‘ಮಯೂರ’ ಚಿತ್ರ ನೋಡಿದ ಮಗು ರಾಜಕುಮಾರ ಎನ್ನುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಬೇರೆಯದನ್ನೇ ಹೇಳುತ್ತದೆ. ಪರೀಕ್ಷೆಯಲ್ಲಿ ಸಿನಿಮಾದ ಉತ್ತರ ಬರೆದರೆ ಅಂಕ ಹೋಗುತ್ತದೆ. ಆದರೆ ಮಗುವಿಗೆ ತಾನು ತಪ್ಪಿದ್ದೆಲ್ಲಿ ಎಂಬುದು ಮಾತ್ರ ತಿಳಿಯುವುದಿಲ್ಲ.

ಇದಕ್ಕೆ ಕಾರಣ ಸರಳ. ಅಡಗೂಲಜ್ಜಿ ಹೇಳಿದ್ದೂ ಕಥೆ, ಪುರಾಣದ್ದೂ ಕಥೆ, ಕಾದಂಬರಿಯದ್ದೂ ಕಥೆ. ಪಠ್ಯಪುಸ್ತಕಗಳು ಪಾಠಗಳನ್ನು ಗದ್ಯ, ಪದ್ಯ ಎಂದು ವಿಂಗಡಿಸುತ್ತವೆಯಾದರೂ ಕಥೆಯೊಳಗಿನ ಬಗೆಗಳನ್ನು ಗುರುತಿಸುವ ಅಭ್ಯಾಸ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಅದನ್ನು ಕಲಿಸಲು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಇರುವಷ್ಟು ಸಾಮಗ್ರಿ ಬೇರೆಡೆ ಸಿಗುವುದು ಅಪರೂಪ.

ತಾಳಗುಂದದಿಂದಲೇ ಆರಂಭಿಸಬಹುದು. ಪ್ರಣವೇಶ್ವರ ದೇವಾಲಯದ ಮುಂದಿನ ಈ ಶಾಸನ 5ನೇ ಶತಮಾನದ್ದು, ಕದಂಬ ದೊರೆ ಶಾಂತಿವರ್ಮನ ಕಾಲದ್ದು. ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದದ್ದು, ಅವಮಾನದಿಂದ ಕೆರಳಿ ಆತ ಖಡ್ಗ ಹಿಡಿದದ್ದು ಇದರಲ್ಲಿ ನಿರೂಪಿತವಾಗಿವೆ. ಇದೇ ವಸ್ತುವನ್ನು ದೇವುಡು ನರಸಿಂಹಶಾಸ್ತ್ರಿಗಳು ‘ಮಯೂರ’ ಕಾದಂಬರಿಯಾಗಿಸಿದರು. ಅದನ್ನು ಆಧರಿಸಿ ಚಲನಚಿತ್ರ ಬಂತು. ಚಿತ್ರದಲ್ಲಿ ನಾಯಕನಿಗೆ ತಾನು ರಾಜವಂಶದವನೆಂಬ ಸತ್ಯ ನಡುವೆ ತಿಳಿಯುತ್ತದೆ. ಕಲ್ಲಿನ ಮೇಲೆ ಅಂಥ ರಹಸ್ಯವೇನೂ ಇಲ್ಲ.

ಐತಿಹಾಸಿಕ ಕಾದಂಬರಿ ಎಂದರೇನೆಂದು ವಿವರಿಸಲು ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಹೆಸರು, ಸ್ಥಳ, ಮುಖ್ಯ ಘಟನೆ ಇತಿಹಾಸದವು. ಸಂಭಾಷಣೆ, ಮನದ ತುಮುಲ, ಸಂದರ್ಭಗಳ ಹೆಣಿಗೆ ಲೇಖಕನವು. ಲೇಖಕ ಹಾಗೆ ಸೇರಿಸಿದ್ದನ್ನು ಸುಳ್ಳು ಎಂದು ತಳ್ಳಿಹಾಕುವುದೂ ಸಲ್ಲದು. ಅದು ಆ ಪ್ರಕಾರದ ಹಕ್ಕು.

ಹಾಗೆಂದು ಶಾಸನವೂ ವರದಿಯಲ್ಲ ಎಂಬುದನ್ನು ಹಿರಿಯ ತರಗತಿಯ ಮಕ್ಕಳಿಗಾದರೂ ಹೇಳಬೇಕು. ಮಯೂರಶರ್ಮನ ಕಾಲ 4ನೇ ಶತಮಾನ. ಶಾಸನದ ಪಾಠವನ್ನು ರಚಿಸಿದವನು ಕುಬ್ಜನೆಂಬ ಕವಿ, ಅದೂ ಸುಮಾರು ನೂರು ವರ್ಷಗಳ ಬಳಿಕ, ಅದೇ ವಂಶದ ಅರಸರ ಆಶ್ರಯದಲ್ಲಿ, ಸಂಸ್ಕೃತ ಪದ್ಯಗಳಲ್ಲಿ. ಅದು ಪ್ರಶಸ್ತಿ ಕಾವ್ಯ; ಹೊಗಳಿಕೆ ಅದರ ಧರ್ಮ.

ಅದೇ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಹರಿಹರನ ರಗಳೆಯಲ್ಲಿ ಅಲ್ಲಮ ಕಾಮಲತೆಯನ್ನು ಮೆಚ್ಚಿ ಕೈಹಿಡಿಯುತ್ತಾನೆ, ಆಕೆ ತೀರಿಕೊಂಡಾಗ ದುಃಖದಿಂದ ಅಲೆಯುತ್ತಾನೆ. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಾದರೋ ಆತ ಮಾಯೆಗೆ ಸಿಲುಕುವವನೇ ಅಲ್ಲ. ಯಾವುದು ಸರಿ ಎಂದು ಮಗು ಕೇಳುವುದು ಸಹಜ. ಇಬ್ಬರು ಭಕ್ತಕವಿಗಳು ಒಬ್ಬ ಶರಣನನ್ನು ಹೇಗೆ ಕಂಡರು ಎಂದು ಪ್ರಶ್ನೆಯನ್ನು ತಿದ್ದಿಕೊಟ್ಟರೆ ಎರಡೂ ಕಾವ್ಯಗಳು ಉಳಿಯುತ್ತವೆ. ಇಂಥ ಕೃತಿ ಚರಿತ್ರೆಯನ್ನು ಮುಟ್ಟಿದರೂ ಅದರ ಗುರಿ ಭಕ್ತಿ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯದು ಮತ್ತೊಂದು ಬಗೆ. ಗುತ್ಯಮ್ಮನೆಂದು ಜನ ಕರೆಯುವ ರೇಣುಕಾಂಬೆಯ ಗುಡಿ ಅಲ್ಲಿನ ಗುಹೆಯಲ್ಲಿದೆ. ಜಮದಗ್ನಿ, ರೇಣುಕೆ, ಪರಶುರಾಮರ ವೃತ್ತಾಂತ ಪುರಾಣದ್ದು. ಆದರೆ ಅದೇ ರೇಣುಕೆ ಬೆಳಗಾವಿ ಜಿಲ್ಲೆಯ ಸವದತ್ತಿಯಲ್ಲಿ ಎಲ್ಲಮ್ಮನಾಗಿಯೂ ನೆಲೆಸಿದ್ದಾಳೆ. ಪುರಾಣದ ಪ್ರಸಂಗವೊಂದು ಒಂದು ಬೆಟ್ಟಕ್ಕೆ, ಒಂದು ಗುಹೆಗೆ ಅಂಟಿಕೊಂಡು ‘ಇದು ನಮ್ಮೂರಲ್ಲೇ ನಡೆದದ್ದು’ ಎಂದಾದಾಗ ಅದು ಸ್ಥಳೈತಿಹ್ಯವಾಗುತ್ತದೆ. ಜನಪದ ಕಥೆಗೆ ಈ ಹಟವಿಲ್ಲ. ಅದರಲ್ಲಿ ‘ಒಂದಾನೊಂದು ಊರು’ ಇದ್ದರೆ ಸಾಕು.

ಕಿರಿಯ ಮಕ್ಕಳಿಗೆ ಪ್ರಾಣಿಗಳೇ ಸುಲಭದ ದಾರಿ. ಪಂಚತಂತ್ರದ ನರಿ ಮಾತನಾಡುವುದು ಕೊನೆಯ ನೀತಿಗಾಗಿ. ಕನ್ನಡಕ್ಕೆ ಇದನ್ನು 11ನೇ ಶತಮಾನದಲ್ಲೇ ದುರ್ಗಸಿಂಹ ತಂದಿದ್ದಾನೆ. ಪುಣ್ಯಕೋಟಿ ಹಸುವೂ ಮಾತನಾಡುತ್ತದೆ, ಆದರೆ ಅದು ಹಾಡುಗಥೆ, ಅಲ್ಲಿ ನೀತಿಗಿಂತ ಕರುಳಿನ ಸಂಕಟ ದೊಡ್ಡದು. ಸಾಮಾಜಿಕ ಕಥೆಯಲ್ಲಿ ಹಸು ಹುಲ್ಲು ಮೇಯುತ್ತದೆ ಅಷ್ಟೆ. ಇನ್ನು ವೈಜ್ಞಾನಿಕ ಕಥೆ, ಪತ್ತೇದಾರಿ ಕಥೆಗಳನ್ನು ಮಕ್ಕಳು ಯಾರ ನೆರವೂ ಇಲ್ಲದೆ ಗುರುತಿಸುತ್ತಾರೆ.

ಕಥೆ ಓದುವ ಮೊದಲೇ ಕಪ್ಪುಹಲಗೆಯ ಮೇಲೆ ಪ್ರಕಾರಗಳ ಪಟ್ಟಿ ಬರೆದು ಬಾಯಿಪಾಠ ಮಾಡಿಸಿದರೆ ಕಥೆಯೂ ಹೋಗುತ್ತದೆ, ಬಗೆಯೂ ತಿಳಿಯುವುದಿಲ್ಲ. ಮೊದಲು ಕಥೆ, ಅನಂತರ ಪ್ರಶ್ನೆ. ಇದನ್ನು ಹೇಳುತ್ತಿರುವವರು ಯಾರು? ಊರಿಗೆ, ವ್ಯಕ್ತಿಗೆ ಹೆಸರಿದೆಯೇ? ಬೇರೆ ಊರಿನಲ್ಲಿಯೂ ಇದೇ ಕಥೆ ಇದೆಯೇ? ನಡೆದಿದೆ ಎನ್ನಲು ಕಲ್ಲು, ಕಾಗದ ಏನಾದರೂ ಇದೆಯೇ? ಚಲನಚಿತ್ರದ ತುಣುಕುಗಳೇ ‘ನಿಜವಾದ ಇತಿಹಾಸ’ವೆಂಬ ತಲೆಬರಹದಲ್ಲಿ ಮೊಬೈಲ್‌ಗೆ ಬರಬಹುದಾದ ಈ ದಿನಗಳಲ್ಲಿ ಕೊನೆಯ ಪ್ರಶ್ನೆಗೆ ಹೆಚ್ಚಿನ ತೂಕವಿದೆ.

ತಾಳಗುಂದ, ಬಳ್ಳಿಗಾವಿ ಎರಡೂ ಶಿರಾಳಕೊಪ್ಪದ ಆಸುಪಾಸಿನಲ್ಲಿಯೇ ಇವೆ. ಮಯೂರನ ಪಾಠ ಮುಗಿದ ವಾರ ಮಕ್ಕಳನ್ನು ಆ ಕಂಬದ ಮುಂದೆ ನಿಲ್ಲಿಸಲು ಒಂದು ದಿನದ ಪ್ರವಾಸ ಸಾಕು.