ಮುರಿದ ಕಾಲಿನ ಲೆಕ್ಕ: ಯಾವ ಕಾಗದಕ್ಕೆ ಎಷ್ಟು ಬೆಲೆ

ಗಾಯಾಳು ಒಬ್ಬನೇ, ಮುರಿದದ್ದು ಒಂದೇ ಕಾಲು. ಆದರೆ ಮುಂದಿನ ದುಡಿಮೆಯ ನಷ್ಟಕ್ಕೆ ಒಂದು ಲೆಕ್ಕದಲ್ಲಿ 3,24,000 ರೂಪಾಯಿ ಬರುತ್ತದೆ, ಇನ್ನೊಂದರಲ್ಲಿ 11,88,000. ನಡುವಿನ 8,64,000 ರೂಪಾಯಿ ತೀರ್ಮಾನವಾಗುವುದು ನಾಲ್ಕೈದು ಹಾಳೆಗಳ ಮೇಲೆ. ಆ ಹಾಳೆಗಳು ದವಾಖಾನೆಯ ಬಿಲ್ಲುಗಳಲ್ಲ.

ಹುಬ್ಬಳ್ಳಿ–ಗದಗ ಹೆದ್ದಾರಿ ಹುಲಕೋಟಿಯ ಮೇಲೆಯೇ ಹಾಯುತ್ತದೆ. ಗಿರಣಿಗೆ, ಕಾಲೇಜಿಗೆ, ಗದಗಿನ ಎಪಿಎಂಸಿಗೆ ಹೋಗಿಬರುವವರೆಲ್ಲ ಬೈಕು, ಟಂಟಂ, ಬಸ್ಸುಗಳಲ್ಲಿ ಇದೇ ದಾರಿ ಹಿಡಿಯುತ್ತಾರೆ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರು 4,43,366 ಮಂದಿ. ಅಪಘಾತವಾದ ಪ್ರತಿ ಮನೆಯಲ್ಲೂ ಗೂಟಕ್ಕೆ ಒಂದು ಚೀಲ ಬೀಳುತ್ತದೆ. ಅದರ ತುಂಬ ಔಷಧಿ ಅಂಗಡಿಯ ಚೀಟಿಗಳು, ಎಕ್ಸ್‌ರೇ ಹಾಳೆಗಳು. ಅವು ಬೇಕೇ ಬೇಕು. ಆದರೆ ಬಿಲ್ಲಿಗೆ ಸಿಗುವುದು ಬಿಲ್ಲಿನಷ್ಟೇ ದುಡ್ಡು. ಗುಣಾಕಾರಕ್ಕೆ ಸಿಗುವ ಕಾಗದಗಳು ಬೇರೆ.

ಗದಗ ಎಪಿಎಂಸಿಯಲ್ಲಿ ಚೀಲ ಹೊರುವ 38 ವರ್ಷದ ಒಬ್ಬ ಹಮಾಲನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಿಂಗಳ ಆದಾಯವನ್ನು ಹನ್ನೆರಡರಿಂದ ಗುಣಿಸಿ, ವಯಸ್ಸಿಗೆ ತಕ್ಕ ಗುಣಕದಿಂದ ಮತ್ತೆ ಗುಣಿಸಿ, ಅಂಗವೈಕಲ್ಯದ ಶೇಕಡಾವಾರು ತೆಗೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕ್ರಮ. ಗುಣಕವನ್ನು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೊತ್ತುಪಡಿಸಿತು. 36ರಿಂದ 40 ವಯಸ್ಸಿಗೆ ಅದು 15.

ಆದಾಯಕ್ಕೆ ದಾಖಲೆಯೇ ಇಲ್ಲವೆಂದರೆ ಅಂದಾಜಿನ ಆದಾಯ ಹಿಡಿಯುತ್ತಾರೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗಾಗಿ ಅಪಘಾತದ ವರ್ಷಕ್ಕೆ ತಕ್ಕಂತೆ ಮಾಡಿದ ಕೋಷ್ಟಕವನ್ನೇ ಹೈಕೋರ್ಟ್ ತೀರ್ಪುಗಳೂ ಆಧರಿಸುತ್ತವೆ. ಅದರ ಮುಂದೆ ಹಮಾಲ, ಗೌಂಡಿ, ನೇಕಾರ ಎಲ್ಲರೂ ಒಂದೇ. ಅಂದಾಜು 15,000 ಎಂದು ಹಿಡಿದರೆ, ಶೇ 12ರ ಅಂಗವೈಕಲ್ಯಕ್ಕೆ 3,24,000 ರೂಪಾಯಿ. ಅದೇ ಮನುಷ್ಯ 22,000 ದುಡಿಯುತ್ತಿದ್ದನೆಂದು ತೋರಿಸಿದರೆ 4,75,200. ಹಾಸಿಗೆ ಹಿಡಿದ ನಾಲ್ಕು ತಿಂಗಳ ಗಳಿಕೆಯೂ 60,000ದಿಂದ 88,000ಕ್ಕೆ ಏರುತ್ತದೆ. ಹೀಗೆ ಆದಾಯದ ದಾಖಲೆಯೊಂದರಿಂದಲೇ 1,79,200 ರೂಪಾಯಿ ಹೆಚ್ಚುತ್ತದೆ.

ನಮ್ಮ ಭಾಗದಲ್ಲಿ ಸಂಬಳದ ಚೀಟಿ ಇರುವವರು ಕಡಿಮೆ. ಹಾಗೆಂದು ದುಡಿಮೆಗೆ ಕುರುಹೇ ಇಲ್ಲವೆಂದಲ್ಲ. ಹಮಾಲನಿಗೆ ಎಪಿಎಂಸಿಯ ಲೈಸೆನ್ಸ್, ಅಡತಿ ಅಂಗಡಿಯ ಹಮಾಲಿ ಲೆಕ್ಕದ ವಹಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆದವನಿಗೆ ಪಹಣಿಯ ಜೊತೆ ಎರಡು ಮೂರು ವರ್ಷದ ಮಾರಾಟದ ಪಟ್ಟಿಗಳು. ಬೆಟಗೇರಿಯ ನೇಕಾರನಿಗೆ ಸಂಘದ ಕೂಲಿ ಪುಸ್ತಕ, ಗೌಂಡಿಗೆ ಕಟ್ಟಡ ಕಾರ್ಮಿಕರ ಕಾರ್ಡು, ಟಂಟಂ ಓಡಿಸುವವನಿಗೆ ಪರ್ಮಿಟ್ಟು ಮತ್ತು ಸಾಲದ ಕಂತು ಕಟ್ಟಿದ ಪಾಸ್‌ಬುಕ್ಕು. ಪಹಣಿಯೊಂದನ್ನೇ ಕೊಟ್ಟರೆ ಸಾಲದು. ಭೂಮಿ ಇನ್ನೂ ಇದೆಯಲ್ಲ, ನಷ್ಟ ಎಲ್ಲಿ ಎಂದು ವಿಮಾ ಕಂಪನಿಯ ವಕೀಲರು ಕೇಳುತ್ತಾರೆ. ಅಪಘಾತದ ಮೇಲೆ ಕೂಲಿಯಾಳು ಇಟ್ಟು ಸಾಗುವಳಿ ಮಾಡಿಸಿದ ಖರ್ಚಿನ ಲೆಕ್ಕ ಅದಕ್ಕೆ ಉತ್ತರ. ಮನೆಗೆಲಸ ಮಾಡುವ ಹೆಂಗಸಿಗೆ ಆದಾಯವಿಲ್ಲ ಎಂದು ಯಾರಾದರೂ ಬರೆಸಲು ಹೊರಟರೆ ಒಪ್ಪಬಾರದು. ಆಕೆಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಎಲ್ಲಕ್ಕಿಂತ ಹೆಚ್ಚು ತೂಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ. ವೈದ್ಯರು ಕಾಲಿಗೆ ಶೇ 36 ಎಂದು ಬರೆದರೆ, ಅದರ ಮೂರನೇ ಒಂದು ಭಾಗವನ್ನು, ಅಂದರೆ ಶೇ 12ನ್ನು, ಇಡೀ ದೇಹದ ಲೆಕ್ಕಕ್ಕೆ ಹಿಡಿಯುವುದು ನಮ್ಮ ನ್ಯಾಯಾಲಯಗಳಲ್ಲಿ ರೂಢಿ. ಆದರೆ ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪಿನ ಪ್ರಕಾರ ಅಷ್ಟಕ್ಕೇ ನಿಲ್ಲುವಂತಿಲ್ಲ. ಆ ಗಾಯದಿಂದ ಆ ವ್ಯಕ್ತಿಯ ಆ ಕಸುಬು ಎಷ್ಟು ಕುಂದಿತು ಎಂಬುದನ್ನು ನೋಡಬೇಕು. ಮೇಜಿನ ಮುಂದೆ ಕೂತು ಬರೆಯುವವನಿಗೆ ಶೇ 12 ಸರಿಯಿರಬಹುದು. ಕ್ವಿಂಟಲ್‌ಗಟ್ಟಲೆ ಹೊರುವವನಿಗೆ ಅದು ಶೇ 30 ಎಂದು ಒಪ್ಪಿಸಲಾದರೆ ಮೊತ್ತ 11,88,000 ಆಗುತ್ತದೆ. ಹಾಗೆ ಒಪ್ಪಿಸಲು ಮೂಳೆ ಹೇಗೆ ಕೂಡಿದೆ, ಮೊಣಕಾಲು ಎಷ್ಟು ಮಡಚುತ್ತದೆ, ಭಾರ ಎತ್ತಲಾದೀತೇ ಎಂದು ಬರೆದ ಹಾಳೆ ಬೇಕು. ಚಿಕಿತ್ಸೆ ಕೊಟ್ಟ ವೈದ್ಯರೇ ಬಂದು ಸಾಕ್ಷಿ ಹೇಳಿದರೆ ಅದಕ್ಕೆ ಬಲ. ಚಿಕಿತ್ಸೆಯನ್ನೇ ಕೊಡದವರು ಬರೆದುಕೊಡುವ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಅದೇ ತೀರ್ಪು ನ್ಯಾಯಮಂಡಳಿಗಳನ್ನು ಎಚ್ಚರಿಸಿದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿ ಮರುತಪಾಸಣೆಗೆ ಹೋಗುವುದನ್ನು ಬಿಡಬಾರದು. ದೂರವೆಂದು ನಡುವೆ ಬಿಟ್ಟುಬಿಡುವವರನ್ನು ಕಂಡಾಗ ಸಂಕಟವಾಗುತ್ತದೆ. ಉಳಿಸಿದ್ದು ಬಸ್ ಚಾರ್ಜು, ಕಳೆದುಕೊಳ್ಳುವುದು ಲಕ್ಷಗಳನ್ನು.

ವಯಸ್ಸಿನ ದಾಖಲೆಗೂ ಲೆಕ್ಕವಿದೆ. 40 ದಾಟಿದರೆ ಗುಣಕ 15ರಿಂದ 14ಕ್ಕೆ ಇಳಿಯುತ್ತದೆ. ನಮ್ಮ ಹಮಾಲನ ಶೇ 30ರ ಲೆಕ್ಕದಲ್ಲಿ ಆ ಒಂದು ಅಂಕಿಯ ಬೆಲೆ 79,200 ರೂಪಾಯಿ. 50 ದಾಟಿದರೆ 13ರಿಂದ ನೇರ 11. ಆಧಾರ್‌ನಲ್ಲಿ ಜನವರಿ 1 ಎಂದು ಅಂದಾಜಿಗೆ ಬರೆಸಿಕೊಂಡವರು ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ, ಶಾಲೆ ಬಿಟ್ಟ ಪ್ರಮಾಣಪತ್ರವೇ ಮೇಲು ಎಂದು ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅಲ್ಲಿ ಆಧಾರ್ ಪ್ರಕಾರ ವಯಸ್ಸು 47, ಶಾಲೆಯ ದಾಖಲೆಯಂತೆ 45. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರೂ ಊರ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ.

ಬಿಲ್ಲುಗಳ ವಿಷಯ ಚಿಕ್ಕದು. ಅಸಲು ಪ್ರತಿಯೇ ಬೇಕು, ಜೊತೆಗೆ ವೈದ್ಯರ ಚೀಟಿ ಬೇಕು. ಔಷಧಿ ಅಂಗಡಿಯ ಯಂತ್ರ ಮುದ್ರಿಸುವ ಶಾಖದ ಕಾಗದ ಕೆಲವೇ ತಿಂಗಳಲ್ಲಿ ಬಿಳಿಯಾಗುತ್ತದೆ, ಬಸ್ ಟಿಕೆಟ್ಟೂ ಅಷ್ಟೇ. ಅಂದೇ ಜೆರಾಕ್ಸ್ ಮಾಡಿಸಿದರೆ ಖರ್ಚು ಒಂದೆರಡು ರೂಪಾಯಿ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ, ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಆಗ ಬಿಲ್ಲು ಇರುವುದಿಲ್ಲ. ಡಿಸ್ಚಾರ್ಜ್ ಸಾರಾಂಶವನ್ನಾದರೂ ಕೇಳಿ ಪಡೆಯಲೇಬೇಕು.

ಪೊಲೀಸ್ ಕಾಗದಗಳಿಗೆ ದಿನಗಳ ಲೆಕ್ಕವಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ ತನಿಖಾಧಿಕಾರಿ ನ್ಯಾಯಮಂಡಳಿಗೆ ಕಳಿಸಬೇಕು. ಗಾಯಾಳುವಿಗೆ ಅವನ ಹಕ್ಕುಗಳ ನಮೂನೆಯನ್ನು 10 ದಿನದಲ್ಲಿ ಕೊಡಬೇಕು. ಮಧ್ಯಂತರ ವರದಿಗೆ 50 ದಿನ, ವಿವರವಾದ ವರದಿಗೆ 90 ದಿನ. ಗಾಯಾಳು ತನ್ನ ವಿವರಗಳ ನಮೂನೆಯನ್ನು 60 ದಿನದೊಳಗೆ ತುಂಬಿಕೊಡಬೇಕು. ಎಫ್‌ಐಆರ್ ಪ್ರತಿ ದೂರುದಾರನಿಗೂ ಗಾಯಾಳುವಿಗೂ ಉಚಿತ. ಅದರ ಜೊತೆಗೆ ಸ್ಥಳ ಪಂಚನಾಮೆ, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ, ಗಾಯದ ಪ್ರಮಾಣಪತ್ರ ಸೇರಬೇಕು. ಈ ಕೊನೆಯದರಲ್ಲಿ 'ಸಾದಾ' ಎಂದಿದೆಯೋ 'ತೀವ್ರ' ಎಂದಿದೆಯೋ ಓದಿ ನೋಡಬೇಕು. ಮೂಳೆ ಮುರಿದಿದ್ದರೆ ಅದು ಕಾನೂನಿನಂತೆ ತೀವ್ರ ಗಾಯವೇ.

ತೀವ್ರ ಗಾಯಕ್ಕೆ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ, ತಪ್ಪು ಯಾರದೆಂದು ಸಾಬೀತು ಮಾಡದೆಯೇ 2.5 ಲಕ್ಷ ರೂಪಾಯಿ ಸಿಗುತ್ತದೆ. ಸಾಲ ತಲೆಯ ಮೇಲಿರುವಾಗ ಅದು ದೊಡ್ಡ ಮೊತ್ತವಾಗಿಯೇ ಕಾಣುತ್ತದೆ. ಆದರೆ ಅದನ್ನು ಒಪ್ಪಿಕೊಂಡರೆ, ಪೂರ್ತಿ ಪರಿಹಾರ ಕೇಳಿ ನ್ಯಾಯಮಂಡಳಿಗೆ ಹಾಕುವ 166ನೇ ಕಲಮಿನ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಸಹಿ ಹಾಕುವ ಮೊದಲು ಹಮಾಲನ ಮನೆಯವರು ಆ 11,88,000ದ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ.

166ನೇ ಕಲಮಿನ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳು ಎಂದು ತಿದ್ದುಪಡಿ ಕಾಯ್ದೆ ಹೇಳುತ್ತದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದರೂ ಅದನ್ನು ನಂಬಿ ಕೂರುವುದು ಬೇಡ. ಅಂಗವೈಕಲ್ಯದ ಪ್ರಮಾಣಪತ್ರ ಬರದಿದ್ದರೂ ಅರ್ಜಿ ಹಾಕಬಹುದು, ಸಾಕ್ಷ್ಯದ ಹಂತದಲ್ಲಿ ಅದನ್ನು ಹಾಜರುಪಡಿಸಬಹುದು. ಅಪಘಾತ ಹುಬ್ಬಳ್ಳಿಯಲ್ಲೇ ಆಗಿರಲಿ, ಬೆಂಗಳೂರಿನಲ್ಲೇ ಆಗಿರಲಿ, ಹುಲಕೋಟಿಯ ನಿವಾಸಿ ಗದಗಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಜಿಗೆ ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಅಲ್ಲಿ ಆದಾಯದ ಮಿತಿಯೂ ಇಲ್ಲ. ಕರೆ ಮಾಡಬೇಕಾದ ಸಹಾಯವಾಣಿಯ ಸಂಖ್ಯೆ 15100.