ಒಂದೇ ಹೊತ್ತಿನಲ್ಲಿ ಎರಡು ಕೈಗಳು

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮನೆಮಾಡಿಕೊಂಡಿರುವ ಒಂದು ಕುಟುಂಬವನ್ನು ಭಾವಿಸೋಣ. ಮನೆಯ ಖರ್ಚಿಗೆಂದು ಬ್ಯಾಂಕಿನ ಒಂದೇ ಖಾತೆಯಲ್ಲಿ ೫೦೦೦ ರೂಪಾಯಿಗಳಿವೆ. ಬೆಂಗಳೂರಿನಲ್ಲಿ ನೌಕರಿಗಿರುವ ಮಗನು ಆ ಖಾತೆಗೆ ೧೦೦೦ ರೂಪಾಯಿ ಕಳುಹಿಸುತ್ತಾನೆ. ಅದೇ ಕ್ಷಣದಲ್ಲಿ ತಾಯಿಯು ಎ.ಟಿ.ಎಂ. ಯಂತ್ರದಿಂದ ೫೦೦ ರೂಪಾಯಿ ತೆಗೆಯುತ್ತಾಳೆ. ೫೫೦೦ ರೂಪಾಯಿ ಉಳಿಯಬೇಕೆಂಬುದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಎಚ್ಚರವಿಲ್ಲದೆ ಬರೆದ ಪ್ರೋಗ್ರಾಮಿನಲ್ಲಿ ೪೫೦೦ ಮಾತ್ರ ಉಳಿದು, ಮಗನ ಹಣವು ಹೇಳಹೆಸರಿಲ್ಲದೆ ಹೋಗಬಹುದು. ಕಂಪ್ಯೂಟರು ಕೂಡಿ ಕಳೆಯುವುದರಲ್ಲಿ ತಪ್ಪುವುದಿಲ್ಲವಷ್ಟೆ. ಹಾಗಾದರೆ ಇದು ಹೇಗಾದೀತು?

ಪ್ರತಿಯೊಂದು ವ್ಯವಹಾರದಲ್ಲಿಯೂ ಮೂರು ಹೆಜ್ಜೆಗಳುಂಟು: ಇದ್ದ ಮೊತ್ತವನ್ನು ಓದುವುದು, ಲೆಕ್ಕ ಮಾಡುವುದು, ಹೊಸ ಮೊತ್ತವನ್ನು ಬರೆಯುವುದು. ತಾಯಿಯ ವ್ಯವಹಾರವು ೫೦೦೦ ಎಂದು ಓದಿತು. ಅದು ಬರೆಯುವುದಕ್ಕೆ ಮೊದಲೇ ಮಗನದೂ ೫೦೦೦ ಎಂದೇ ಓದಿ, ೬೦೦೦ ಎಂದು ಬರೆಯಿತು. ಬಳಿಕ ತಾಯಿಯದು ತನ್ನ ಲೆಕ್ಕದಂತೆ ೪೫೦೦ ಎಂದು ಅದರ ಮೇಲೆಯೇ ಬರೆದುಬಿಟ್ಟಿತು. ಈ ಆರು ಹೆಜ್ಜೆಗಳು ಒಂದರೊಳಗೊಂದು ೨೦ ಬಗೆಯಾಗಿ ಹೆಣೆದುಕೊಳ್ಳಬಲ್ಲವು. ಒಬ್ಬರದು ಪೂರ್ತಿ ಮುಗಿದ ಮೇಲೆ ಇನ್ನೊಬ್ಬರದು ಮೊದಲಾಗುವ ೨ ಬಗೆಗಳು ಮಾತ್ರ ಸರಿ. ಉಳಿದ ೧೮ ತಪ್ಪು. ಹೆಜ್ಜೆಗಳು ಹತ್ತು ಹತ್ತಾದರಂತೂ ಹೆಣಿಗೆಗಳು ೧,೮೪,೭೫೬ ಆಗುವುವು!

ಹೆಜ್ಜೆಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುವುದರಿಂದ ಇಂತಹ ಘರ್ಷಣೆಯು ಅಪರೂಪ. ಸಾವಿರ ಸಲ ನಡೆಸಿ ನೋಡಿದರೂ ದೋಷವು ಮೈದೋರದೆ ಇರಬಹುದು. ಅದೇ ಅದರ ಭಯಂಕರತ್ವವು. ೧೯೮೫ರಿಂದ ೧೯೮೭ರ ವರೆಗೆ ಅಮೆರಿಕ ಹಾಗೂ ಕೆನಡ ದೇಶಗಳಲ್ಲಿ ಥೆರಾಕ್-೨೫ ಎಂಬ ಚಿಕಿತ್ಸಾ ಯಂತ್ರವು ೬ ಮಂದಿ ರೋಗಿಗಳಿಗೆ ಮಿತಿಮೀರಿದ ಕಿರಣಗಳನ್ನು ಹಾಯಿಸಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅದರಲ್ಲಿದ್ದ ಒಂದು ದೋಷವು, ಯಂತ್ರ ನಡೆಸುವವರು ಕೈನುರಿತು ಬಹು ಬೇಗನೆ ತಿದ್ದುಪಡಿ ಮಾಡಿದಾಗ ಮಾತ್ರ ಹೊರಬೀಳುವಂತಹುದಾಗಿತ್ತು. ಒಂದೇ ಹೊತ್ತಿನಲ್ಲಿ ನಡೆಯುವ ಎರಡು ಕೆಲಸಗಳು ಒಂದನ್ನೊಂದು ಅರಿಯದೆ ಹೋದುದೇ ಅದಕ್ಕೆ ಮೂಲ.

ಇದಕ್ಕೆ ಪರಿಹಾರವುಂಟು. ಒಂಟಿ ಹಳಿಯ ರೈಲುಮಾರ್ಗದಲ್ಲಿ ಚಾಲಕನ ಕೈಗೆ ಗುರುತಿನ ಗೋಲವೊಂದನ್ನು ಕೊಡುತ್ತಿದ್ದುದನ್ನು ಹಿರಿಯರು ಕಂಡಿರಬಹುದು. ಅದು ಕೈಯಲ್ಲಿಲ್ಲದೆ ಗಾಡಿ ಮುಂದೆ ಹೊರಡುವಂತಿರಲಿಲ್ಲ. ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮು ಒಳಹೋಗುವಂತೆ ಕಟ್ಟುಮಾಡುವ ಬಗೆಯನ್ನು ಹಾಲೆಂಡಿನ ಡೈಕ್ಸ್ಟ್ರಾ ಎಂಬ ಪಂಡಿತರು ೧೯೬೫ರಲ್ಲಿ ನಿರೂಪಿಸಿದರು. ಬ್ಯಾಂಕುಗಳ ಲೆಕ್ಕವೂ ಇಂತಹ ಬಂದೋಬಸ್ತಿನಿಂದಲೇ ನಡೆಯುವುದು. ಆದರೆ ಬೀಗ ಹೆಚ್ಚಿದಷ್ಟೂ ತೊಡಕೂ ಹೆಚ್ಚುವುದು. ಒಬ್ಬನ ಕೈಯಲ್ಲಿ ಉಗ್ರಾಣದ ಬೀಗದ ಕೈ, ಇನ್ನೊಬ್ಬನಲ್ಲಿ ಪೆಟ್ಟಿಗೆಯದು. ಎರಡೂ ಇಬ್ಬರಿಗೂ ಬೇಕು, ಕೈಯಲ್ಲಿದ್ದುದನ್ನು ಯಾರೂ ಬಿಡರು. ಕೆಲಸವು ಅಲ್ಲಿಗೇ ನಿಂತಂತಾಯಿತು.

ಹಾಗಾದರೆ ಪ್ರೋಗ್ರಾಮು ಎಲ್ಲ ಹೆಣಿಗೆಗಳಲ್ಲಿಯೂ ಸರಿಯೆಂದು ನಂಬುವುದು ಹೇಗೆ? ಸಾವಿರ ತ್ರಿಕೋಣಗಳನ್ನು ಅಳೆದು ನೋಡಿದರೆ ಎಲ್ಲ ತ್ರಿಕೋಣಗಳ ವಿಷಯವೂ ಸಿದ್ಧವಾಗಲಾರದು. ಸಿದ್ಧಾಂತದಿಂದ ಮಾತ್ರ ಆಗುವುದು. ಪ್ರೋಗ್ರಾಮುಗಳನ್ನೂ ಹಾಗೆಯೇ ಗಣಿತದಿಂದ ಸಾಧಿಸಿ ತೋರಿಸಬೇಕೆಂಬುದೇ ಈ ಶಾಸ್ತ್ರದ ಸಾರ. ‘ಎಂದೆಂದಿಗೂ’, ‘ಎಂದಾದರೊಮ್ಮೆ’ ಎಂಬ ಕಾಲದ ಮಾತುಗಳನ್ನು ತರ್ಕಕ್ಕೆ ಅಳವಡಿಸಿ, ಪ್ರೋಗ್ರಾಮುಗಳ ವಿಚಾರದಲ್ಲಿ ಬಳಸುವ ದಾರಿಯನ್ನು ಇಸ್ರೇಲಿನ ಅಮೀರ್ ಪ್ನುಯೆಲಿಯವರು ೧೯೭೭ರಲ್ಲಿ ತೆರೆದರು.

ನಮ್ಮ ನಾಡಿನಲ್ಲಿಯೂ ಈ ಕೃಷಿ ನಡೆದಿದೆಯೆಂಬುದು ಸಂತೋಷದ ಸಂಗತಿ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ದೀಪಕ್ ಡಿಸೋಜರವರೂ ಅವರ ಸಂಗಡಿಗರೂ ಫ್ರೀ-ಆರ್.ಟಿ.ಓ.ಎಸ್. ಎಂಬುದನ್ನು ಆರಿಸಿಕೊಂಡರು. ಸಣ್ಣಪುಟ್ಟ ಉಪಕರಣಗಳೊಳಗಿದ್ದು, ಯಾವ ಕೆಲಸಕ್ಕೆ ಯಾವಾಗ ಸರದಿಯೆಂದು ನಿಶ್ಚಯಿಸುವುದು ಅದರ ಕಾರ್ಯ. ಸರದಿ ಹಂಚುವವನು ಮಾಡಬೇಕಾದುದೇನೆಂಬುದನ್ನು ಮೊದಲು ಗಣಿತದಲ್ಲಿ ಬರೆದು, ಪ್ರೋಗ್ರಾಮು ಅದಕ್ಕೆ ಹೆಜ್ಜೆಹೆಜ್ಜೆಗೂ ಹೊಂದುವುದೇ ಎಂದು ಸಾಧಿಸುವ ಕ್ರಮವನ್ನು ೨೦೧೫ರಲ್ಲಿ ಪ್ರಕಟಿಸಿದರು. ನಡೆಯುತ್ತಿರುವ ಕೆಲಸವನ್ನು ನಡುವೆಯೇ ತಡೆದು ಹೊರಗಿನ ಕರೆಗಳು ಬಂದಾಗ ಎರಡು ಕೈಗಳು ಒಂದೇ ಲೆಕ್ಕವನ್ನು ಮುಟ್ಟುವ ಎಡೆಗಳಾವುವು ಎಂಬುದನ್ನು ಪ್ರೋಗ್ರಾಮನ್ನು ಓಡಿಸದೆಯೇ ಕಂಡುಹಿಡಿಯುವ ಮಾರ್ಗವನ್ನು ೨೦೧೯ರಲ್ಲಿ ತೋರಿಸಿದರು.

ಈ ಸಾಧನೆಗೂ ಒಂದು ಮೇರೆಯುಂಟೆಂಬುದನ್ನು ನಾವು ಮರೆಯಬಾರದು. ಯಾವ ಮಾತನ್ನು ಬರೆದುಕೊಟ್ಟಿದ್ದೇವೆಯೋ ಅದನ್ನಷ್ಟೇ ಗಣಿತವು ಸಾಧಿಸೀತು. ಕೇಳಲು ಮರೆತುದಕ್ಕೆ ಅದು ಹೊಣೆಯಲ್ಲ. ಆದುದರಿಂದ ಯಂತ್ರದಿಂದ ನಮಗೆ ಬೇಕಾದುದೇನು, ಎಂದಿಗೂ ಆಗಬಾರದ್ದೇನು ಎಂಬುದನ್ನು ಮೊದಲೇ ಸ್ಪಷ್ಟವಾಗಿ ನುಡಿಯುವುದು ಈ ವಿದ್ಯೆಯ ಅರ್ಧಭಾಗವೆನ್ನಬಹುದು. ನಮ್ಮ ಹಣವನ್ನೂ ಆರೋಗ್ಯವನ್ನೂ ಯಂತ್ರಗಳ ವಶಕ್ಕೆ ಒಪ್ಪಿಸಿರುವ ಈ ಕಾಲದಲ್ಲಿ, ‘ಇದುವರೆಗೆ ಕೆಟ್ಟಿಲ್ಲ’ ಎಂಬ ಸಮಾಧಾನವು ಸಾಲದು. ‘ಕೆಡಲಾರದು, ಇದೋ ಕಾರಣ’ ಎನ್ನಬಲ್ಲವರು ನಮ್ಮಲ್ಲಿ ಹೆಚ್ಚಬೇಕು.